ಆಗಬೋಟಿನಿಂದ ಕಂಡ ಗುಮ್ಮಟ

ಕಾರವಾರದವರಿಗೆ ಬೊಂಬಾಯಿ ಪರವೂರು ಅಂತ ಯಾವತ್ತೂ ಅನ್ನಿಸಿದ್ದಿಲ್ಲ. ಬೆಂಗಳೂರು ದೂರ. ಮೈಸೂರು ಇನ್ನೂ ದೂರ. ಬೊಂಬಾಯಿ ಮಾತ್ರ ಇದೇ ಸಮುದ್ರದ ದಂಡೆಯ ಮೇಲೆ, ಸ್ವಲ್ಪ ಮೇಲಕ್ಕೆ ಇದ್ದ ಊರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರ ನವೆಂಬರ್ 1ರವರೆಗೆ ನಾವು ಆ ಕಡೆಯವರೇ. ಹತ್ತಿರಹತ್ತಿರ ನೂರು ವರ್ಷ ಕೋರ್ಟಿನ ಅಪೀಲು ಅಲ್ಲಿಗೆ, ಓದಿನ ಸರ್ಟಿಫಿಕೇಟು ಅಲ್ಲಿಂದ, ಕೆಲಸ ಹುಡುಕುವವರ ಟ್ರಂಕು ಕೂಡ ಅಲ್ಲಿಗೇ.

ಹೋಗುತ್ತಿದ್ದದ್ದು ಆಗಬೋಟಿನಲ್ಲಿ, ಅಂದರೆ ಉಗಿಹಡಗಿನಲ್ಲಿ. ಹಡಗು ದಡಕ್ಕೆ ಬರುತ್ತಿರಲಿಲ್ಲ, ಆಳದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಅದೂ ಬಂದ್. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, ಕಡಲು ಒಂದಿಷ್ಟು ಶಾಂತವಾದ ಮೇಲೆ ಮತ್ತೆ ಶುರು. ನನ್ನ ಅಜ್ಜ ಹೀಗೆ ಹೋಗಿ ಅಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಅವನು ಹೇಳುತ್ತಿದ್ದ ಬೊಂಬಾಯಿ ಕಥೆಗಳೆಲ್ಲ ಒಂದೇ ಕಡೆ ಶುರುವಾಗುತ್ತಿದ್ದವು. ಬೆಳಗಿನ ಹೊತ್ತು ಹಡಗು ಕೊಲಾಬಾದ ತುದಿ ಸುತ್ತಿ ಬಂದರಿನ ಒಳಗೆ ಬರುತ್ತದೆ. ಎಡಗಡೆ ಮೊದಲು ಕಾಣುವುದು ಒಂದು ಗುಮ್ಮಟ. ಅದು ಕಂಡ ಕೂಡಲೇ ಡೆಕ್ಕಿನ ಮೇಲೆ ಮಲಗಿದ್ದವರೆಲ್ಲ ಹಾಸಿಗೆ ಸುತ್ತಲು ಶುರು ಮಾಡುತ್ತಾರೆ. ಹಡಗು ಮುಂದೆ ಹೋಗಿ ಭಾವುಚಾ ಧಕ್ಕೆಯಲ್ಲಿ ನಿಲ್ಲುತ್ತದೆ.

ಆ ಗುಮ್ಮಟ ಗುಡಿಯದಲ್ಲ, ಮಸೀದಿಯದಲ್ಲ, ಸರ್ಕಾರದ್ದೂ ಅಲ್ಲ. ಹೋಟೆಲಿನದು. ತಾಜ್ ಮಹಲ್ ಹೋಟೆಲು.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಈ ಕಟ್ಟಡದ ಬಗ್ಗೆ ಸ್ವಂತದ್ದು ಅನ್ನುವಂಥ ಸಲಿಗೆ ಇದೆ. ಒಳಗೆ ಕಾಲಿಟ್ಟವರು ಯಾರೂ ಇಲ್ಲ, ಆದರೂ. ಗೇಟ್‌ವೇ ಆಫ್ ಇಂಡಿಯಾದ ಎದುರು ಫೋಟೊ ತೆಗೆಸಿಕೊಂಡು, ಹಿಂದೆ ತಾಜ್ ಕಾಣುವ ಹಾಗೆ ನಿಂತು ಬಂದವರೇ ಎಲ್ಲ. ಹೋಟೆಲು ಮೊದಲು ಬಂತು, ಗೇಟ್‌ವೇ ಆಮೇಲೆ ಅನ್ನುವುದು ಈ ಫೋಟೊ ತೆಗೆಸಿಕೊಂಡ ಬಹಳ ಮಂದಿಗೆ ಗೊತ್ತಿಲ್ಲ. ಹೋಟೆಲಿನ ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಮುಗಿದದ್ದು 1924ರಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಆ ದಂಡೆಯ ಮೇಲೆ ಹಡಗಿನವರಿಗೆ ಗುರುತು ಅಂದರೆ ಈ ಗುಮ್ಮಟವೇ.

ಕಟ್ಟಿಸಿದವರು ಜಮ್ಶೆಟ್ಜಿ ಟಾಟಾ. ಅವರು ಈ ಕೆಲಸಕ್ಕೆ ಕೈಹಾಕಿದ ಹೊತ್ತು ನೋಡಿ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಜನ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟರು. ಊರು ಖಾಲಿಯಾಗುತ್ತಿರುವಾಗ, ಹೊರಗಿನವರು ಬಂದು ಉಳಿಯಲಿ ಅಂತ ದೊಡ್ಡ ಹೋಟೆಲು ಕಟ್ಟಲು ಹೊರಡುವುದು ಲೆಕ್ಕಾಚಾರದ ಮನುಷ್ಯ ಮಾಡುವ ಕೆಲಸವಲ್ಲ. ಅವರ ತಲೆಯಲ್ಲಿ ಆಗ ಇದ್ದದ್ದಾದರೂ ಏನೇನು? ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ. ಇವುಗಳ ನಡುವೆ ಹೋಟೆಲು! ಅವರ ಸೋದರಿಯೇ ಗೇಲಿ ಮಾಡಿದ್ದರಂತೆ, ಅಷ್ಟೆಲ್ಲ ದೊಡ್ಡ ಕೆಲಸ ಹಿಡಿದವನು ಈಗ ಒಂದು ಖಾನಾವಳಿ ಕಟ್ಟುತ್ತೀಯಾ ಅಂತ. ಮನೆಯ ಹೆಂಗಸರು ಹೀಗೆ ಒಂದು ಮಾತು ಆಡದೆ ಯಾವ ದೊಡ್ಡ ಕೆಲಸವೂ ನಡೆದಿಲ್ಲ ಅನ್ನಿಸುತ್ತದೆ. ಆ ಉಕ್ಕು, ಆ ವಿದ್ಯುತ್ತು, ಆ ಸಂಸ್ಥೆ ಯಾವುದನ್ನೂ ಅವರು ಕಣ್ಣಾರೆ ನೋಡಲಿಲ್ಲ. ಅವೆಲ್ಲ ಅವರು ಹೋದ ಮೇಲೆ ಆದವು. ಮುಗಿದು ನಿಂತದ್ದನ್ನು ನೋಡಿದ್ದು ಈ ಖಾನಾವಳಿ ಒಂದನ್ನೇ. 1904ರ ಮೇ ತಿಂಗಳಲ್ಲಿ, ಹೋಟೆಲು ತೆರೆದು ಆರು ತಿಂಗಳು ತುಂಬುವುದರೊಳಗೆ, ಜರ್ಮನಿಯಲ್ಲಿ ತೀರಿಕೊಂಡರು.

ಒಂದು ಕಥೆ ನಿಮಗೂ ಗೊತ್ತಿರುತ್ತದೆ. ಟಾಟಾ ಅವರನ್ನು ಬಿಳಿಯರ ವಾಟ್ಸನ್ ಹೋಟೆಲಿನ ಬಾಗಿಲಲ್ಲಿ ತಡೆದರು, ಆ ಸಿಟ್ಟಿಗೆ ತಾಜ್ ಕಟ್ಟಿಸಿದರು ಅಂತ. ಸಿನಿಮಾಕ್ಕೆ ಹೇಳಿ ಮಾಡಿಸಿದ ಕಥೆ. ಇದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಇತಿಹಾಸ ಕೆದಕಿದವರು ಹೇಳುತ್ತಾರೆ. ನನಗೂ ಇದು ಅಷ್ಟಾಗಿ ರುಚಿಸುವುದಿಲ್ಲ. ಸಿಟ್ಟಿಗೆ ಕಟ್ಟಿದ ಮನೆಯಲ್ಲಿ ಇಷ್ಟು ಮುತುವರ್ಜಿ ಇರುವುದಿಲ್ಲ. ಅವರು ಯುರೋಪಿನ ಊರೂರು ಸುತ್ತಿ ಸಾಮಾನು ಆರಿಸಿದರು. ಪ್ಯಾರಿಸ್ಸಿನಿಂದ ಉಕ್ಕಿನ ಕಂಬ, ಜರ್ಮನಿಯಿಂದ ಲಿಫ್ಟು, ಅಮೆರಿಕದ ಫ್ಯಾನು. ಊರಲ್ಲಿ ಬೇರೆಯವರು ಇನ್ನೂ ಎಣ್ಣೆ, ಗ್ಯಾಸಿನ ದೀಪ ಹಚ್ಚುತ್ತಿದ್ದಾಗ ಇಲ್ಲಿ ಕರೆಂಟಿನ ದೀಪ. ಮೊದಲ ದಿನ ಬಂದು ಉಳಿದವರು 17 ಜನ ಅಂತ ಹೋಟೆಲಿನವರೇ ಹೇಳಿಕೊಳ್ಳುತ್ತಾರೆ. ಅಷ್ಟು ದೊಡ್ಡ ಕಟ್ಟಡದಲ್ಲಿ 17 ಜನ! ಆ ರಾತ್ರಿ ಊಟಕ್ಕೆ ಬಡಿಸುವವರೇ ತಿನ್ನುವವರಿಗಿಂತ ಜಾಸ್ತಿ ಇದ್ದಿರಬೇಕು.

ಇನ್ನೊಂದು ಕಥೆ ಇದಕ್ಕಿಂತ ಜನಪ್ರಿಯ. ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿದರು, ಅದನ್ನು ನೋಡಿದ ವಾಸ್ತುಶಿಲ್ಪಿ ಮೇಲಿನಿಂದ ಹಾರಿ ಪ್ರಾಣ ಬಿಟ್ಟ ಅಂತ. ಟ್ಯಾಕ್ಸಿಯವರಿಂದ ಹಿಡಿದು ಬಲೂನು ಮಾರುವವರವರೆಗೆ ಎಲ್ಲರೂ ಇದನ್ನು ಹೇಳುತ್ತಾರೆ. ಅಜ್ಜನೂ ಹೇಳುತ್ತಿದ್ದ, ಹಾರಿದ ಮಹಡಿ ಯಾವುದು ಅನ್ನುವುದರ ಸಮೇತ. ನಿಜ ಬೇರೆ. ನಕ್ಷೆ ಮಾಡಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ವೈದ್ಯರು ಕೆಲಸ ಮುಗಿಯುವ ಮೊದಲೇ ಕಾಯಿಲೆಯಿಂದ ತೀರಿಕೊಂಡರು. ಡಬ್ಲ್ಯು. ಎ. ಚೇಂಬರ್ಸ್ ಅನ್ನುವ ಇಂಗ್ಲಿಷ್ ವಾಸ್ತುಶಿಲ್ಪಿ ಅದನ್ನು ಮುಗಿಸಿದರು. ಬಾಗಿಲು ಊರ ಕಡೆಗಿದ್ದದ್ದು ಬೇಕಂತಲೇ. ಕುದುರೆ ಗಾಡಿಗಳು ಬರುತ್ತಿದ್ದದ್ದು ಆ ಕಡೆಯಿಂದ. ಆಮೇಲೆ ಬಾಗಿಲನ್ನು ಸಮುದ್ರದ ಕಡೆಗೆ ತಿರುಗಿಸಿದರು. ಹಳೆಯ ಅಂಗಳದಲ್ಲಿ ಈಗ ಈಜುಕೊಳ ಇದೆ.

ಈ ಬಾಗಿಲಿನ ವಿಷಯ ಸಣ್ಣದು ಅಂತ ಕಾಣುತ್ತದೆ. ನನಗೆ ಇಡೀ ಕಥೆಯಲ್ಲಿ ಇದೇ ಮುಖ್ಯ. ಗಾಡಿ ಬರುತ್ತಿದ್ದಾಗ ಗಾಡಿಯ ಕಡೆಗೆ ಬಾಗಿಲು. ಜನ ಸಮುದ್ರದ ಕಡೆ ಸೇರತೊಡಗಿದಾಗ ಆ ಕಡೆಗೆ ಬಾಗಿಲು. ಪಾರಂಪರಿಕ ಕಟ್ಟಡ ಅಂದರೆ ಮುಟ್ಟಬಾರದು, ಕದಲಿಸಬಾರದು ಅಂತ ನಾವು ಅಂದುಕೊಂಡಿದ್ದೇವೆ ಅಲ್ವಾ? ತಾಜ್‌ನವರು ಮುಟ್ಟಿದರು, ಕದಲಿಸಿದರು, ಒಡೆದರು ಕೂಡ. ಮೊದಲ ಮಹಾಯುದ್ಧದಲ್ಲಿ ಅದು 600 ಹಾಸಿಗೆಯ ಆಸ್ಪತ್ರೆಯಾಗಿತ್ತು. ಪಕ್ಕದಲ್ಲಿದ್ದ ಗ್ರೀನ್ಸ್ ಹೋಟೆಲನ್ನು ಕೊಂಡು, ಕೆಡವಿ, ಅಲ್ಲಿ 1973ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂತಸ್ತಿನ ಟವರ್ ಎಬ್ಬಿಸಿದರು. ಆ ಟವರು ಹಳೆಯ ಕಟ್ಟಡದ ಪಕ್ಕ ಚೆಂದ ಕಾಣುತ್ತದೆ ಅಂತ ನಾನು ಹೇಳಲಾರೆ. ಆದರೆ ಅದರ ಬಾಡಿಗೆ ದುಡ್ಡೂ ಸೇರಿಯೇ ಹಳೆಯ ಕಟ್ಟಡ ಉಳಿದಿದೆ.

ವಾಟ್ಸನ್ ಹೋಟೆಲಿನ ಗತಿ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅದು ತಾಜ್‌ಗಿಂತ ಮೂರು ದಶಕ ಹಿರಿಯದು, 1860ರ ದಶಕದ್ದು. ಎರಕದ ಕಬ್ಬಿಣದ ಕಂಬ, ತೊಲೆ ಎಲ್ಲವನ್ನೂ ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದ್ದು. ಇವತ್ತಿನ ಎಂಜಿನಿಯರುಗಳೂ ಬೆರಗಾಗುವ ಕೆಲಸ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಸಲ ತೋರಿಸಿದ್ದು ಅಲ್ಲೇ. ಅದೇ ವರ್ಷ ಮಾರ್ಕ್ ಟ್ವೇನ್ ಅಲ್ಲಿ ಉಳಿದಿದ್ದರು, ಬೊಂಬಾಯಿಯ ಕಾಗೆಗಳ ಗಲಾಟೆಯನ್ನು ಮನಸಾರೆ ವರ್ಣಿಸಿದರು. ಇಷ್ಟೆಲ್ಲ ಇದ್ದ ಹೋಟೆಲು ಮುಚ್ಚಿತು. ಒಳಗೆ ಗೋಡೆ ಹಾಕಿ ಹಾಕಿ ಸಣ್ಣ ಖೋಲಿಗಳಾದವು. ವಕೀಲರ ಆಫೀಸು, ಅಂಗಡಿ, ಬಾಡಿಗೆ ಮನೆ. ರಿಪೇರಿ ಯಾರದ್ದು ಅನ್ನುವುದು ಮಾಲೀಕರಿಗೂ ಬಾಡಿಗೆದಾರರಿಗೂ ಮುಗಿಯದ ಜಗಳ. 2005ರ ಮಳೆಗಾಲದಲ್ಲಿ ಮುಂಭಾಗದ ಬಾಲ್ಕನಿಗಳು ಕುಸಿದವು. 2019ರಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದರು.

ಎರಡೂ ಹೋಟೆಲುಗಳ ನಡುವೆ ನಡೆದು ಹೋಗುವಷ್ಟೇ ದೂರ. ಒಂದೇ ಸಮುದ್ರದ ಉಪ್ಪುಗಾಳಿ, ಒಂದೇ ಮಳೆ. ಒಂದರಲ್ಲಿ ಬೆಳಗಾದರೆ ಯಾರೋ ಬಂದು ಉಳಿಯುತ್ತಾರೆ, ಅದಕ್ಕಾಗಿ ನಲ್ಲಿ ಸೋರಿದರೆ ಅವತ್ತೇ ಸರಿ ಮಾಡಲೇಬೇಕು. ಇನ್ನೊಂದರಲ್ಲಿ ಅಂಥ ದರ್ದು ಯಾರಿಗೂ ಇರಲಿಲ್ಲ.

ರಾಜಸ್ಥಾನದ ಅರಮನೆ ಹೋಟೆಲುಗಳು ಬೇರೆ ಜಾತಿ. ನಮ್ಮ ಮೈಸೂರಿನ ಲಲಿತಮಹಲ್ ಕೂಡ. ವೈಸ್‌ರಾಯ್ ಬಂದರೆ ಇಳಿಯಲಿ ಅಂತ 1921ರಲ್ಲಿ ಶುರು ಮಾಡಿದ ಅರಮನೆ ಅದು, ಹೋಟೆಲಾದದ್ದು 1974ರಲ್ಲಿ. ಅಲ್ಲಿ ನಾವು ಬೇರೆ ಯಾರದೋ ಮನೆಗೆ ಹೋದ ಹಾಗೆ. ಗೋಡೆಯ ಮೇಲಿನ ಫೋಟೊಗಳೆಲ್ಲ ಅವರ ಮನೆಯವರದು. ತಾಜ್ ಮೊದಲ ದಿನದಿಂದ ಹೋಟೆಲೇ. ಅಲ್ಲಿ ಎಲ್ಲರೂ ಅತಿಥಿಗಳು, ಮಹಾರಾಜರೂ ಬಿಲ್ಲು ಕೊಟ್ಟೇ ಉಳಿದವರು. ಸರೋಜಿನಿ ನಾಯ್ಡು ಬೊಂಬಾಯಿಗೆ ಬಂದಾಗೆಲ್ಲ ಅಲ್ಲೇ ಇಳಿಯುತ್ತಿದ್ದರು. ರಾಜಕೀಯದ ಎಷ್ಟೋ ಮಾತುಕತೆ ಅವರ ಕೋಣೆಯಲ್ಲಿ ನಡೆದಿದೆ.

ಇಲ್ಲಿಗೆ ಬಂದಾಗ ಕಾರವಾರದವನಿಗೆ ಒಂದು ಹಳೆಯ ಹೊಟ್ಟೆಕಿಚ್ಚು ಶುರುವಾಗುತ್ತದೆ. ಇಂಥದ್ದೊಂದು ನಮ್ಮಲ್ಲಿ ಯಾಕಿಲ್ಲ? ಬಂದರು ನಮ್ಮದೇನು ಕಡಿಮೆಯೇ? 1638ರಷ್ಟು ಹಿಂದೆಯೇ ಇಂಗ್ಲಿಷ್ ವ್ಯಾಪಾರಿಗಳು ಕಾಳಿ ನದಿಯ ದಂಡೆಯ ಕಡವಾಡದಲ್ಲಿ ಕೋಠಿ ಹಾಕಿದ್ದರು, ಮೆಣಸಿಗಾಗಿ, ತೆಳು ಬಟ್ಟೆಗಾಗಿ. ಬೊಂಬಾಯಿ ಅವರ ಕೈಗೆ ಸಿಕ್ಕಿದ್ದು ಅದಾದ ಮೇಲೆ.

ಒಂದು ಕಾಲದಲ್ಲಿ ಅವಕಾಶ ನಿಜಕ್ಕೂ ಹತ್ತಿರ ಬಂದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗಲಿಲ್ಲ. ಎಲ್ಲರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ವಿಲಾಯತಿಯ ಪೇಟೆಯಲ್ಲಿ ಹೆಸರು ಮಾತ್ರ ಕುಮಟಾ ಹತ್ತಿ. ಕುಮಟೆಯಲ್ಲಿ ಹಡಗಿಗೆ ಆಸರೆ ಸಾಲದು, ಕಾರವಾರದ ಕೊಲ್ಲಿ ಅದಕ್ಕಿಂತ ಒಳ್ಳೆಯದು ಅಂತ ಮ್ಯಾಂಚೆಸ್ಟರ್‌ನ ವ್ಯಾಪಾರಿಗಳು ಸರ್ಕಾರದ ಬೆನ್ನು ಹತ್ತಿದರು. ಘಟ್ಟಕ್ಕೆ ರಸ್ತೆ ಕಡಿಯುವ ಕೆಲಸ ನಡೆಯಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಈಗಲೂ ರಾತ್ರಿ ಟಾಗೋರ್ ಬೀಚಿನಲ್ಲಿ ಕೂತರೆ ಅದರ ಬೆಳಕು ಕಾಣುತ್ತದೆ. ಕೋರ್ಟು, ಕಚೇರಿ, ಸಾಹೇಬರ ಬಂಗಲೆಗಳು ಬಂದವು. ಮೀನುಗಾರರ ಹಳ್ಳಿ ಜಿಲ್ಲೆಯ ಊರಾಯಿತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲಿನ ಮಾತು 1870ರ ದಶಕದಲ್ಲೇ ಎದ್ದಿತ್ತು.

ಆಗಲಿಲ್ಲ. ಅಮೆರಿಕದ ಯುದ್ಧ ಮುಗಿದು ಹತ್ತಿಯ ದರ ಇಳಿಯಿತು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು, ರೈಲು ಗೋವೆಯ ಮೊರ್ಮುಗೋವಾಕ್ಕೆ ಹೋಯಿತು. 1888ರ ಹೊತ್ತಿಗೆ ಅದು ನಮ್ಮದೇ ಜಿಲ್ಲೆಯ ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಪಕ್ಕ ಹಾದು, ಬೇರೆಯವರ ಬಂದರಿಗೆ ಇಳಿಯುತ್ತಿತ್ತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ. ಪೂರ್ತಿ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಅನುಮತಿಗಳ ಸುಳಿಯಲ್ಲಿ ಇನ್ನೂ ಸುತ್ತುತ್ತಲೇ ಇದೆ.

ದೊಡ್ಡ ಹೋಟೆಲು ಹುಟ್ಟುವುದು ಹಡಗೂ ರೈಲೂ ಸೇರುವ ಕಡೆ. ಹಡಗಿನಿಂದ ಇಳಿದವರು ರೈಲು ಹತ್ತುವ ಮೊದಲು ಎರಡು ದಿನ ಉಳಿಯಬೇಕು, ಅದಕ್ಕೊಂದು ಜಾಗ ಬೇಕು. ಬೊಂಬಾಯಿಯಲ್ಲಿ ಇವೆರಡೂ ಇದ್ದವು. ನಮ್ಮಲ್ಲಿ ಹಡಗು ಇತ್ತು, ಅದೂ ಎಂಟು ತಿಂಗಳು. ಹಾಗಾಗಿ ಕಾರವಾರಕ್ಕೆ ತಾಜ್ ಬರಲಿಲ್ಲ, ಟಿಬಿ ಬಂತು, ಅಂದರೆ ಸರ್ಕಾರದ ಟ್ರಾವೆಲರ್ಸ್ ಬಂಗಲೆ.

ಟಿಬಿ, ಐಬಿ, ಪ್ರವಾಸಿ ಮಂದಿರ, ಏನಾದರೂ ಅನ್ನಿ. ಘಟ್ಟದ ಮೇಲೆ ಕೆಳಗೆ ಇವು ಇಲ್ಲದ ಊರಿಲ್ಲ. ಚಿರೇಕಲ್ಲಿನ ದಪ್ಪ ಗೋಡೆ, ಮಂಗಳೂರು ಹೆಂಚು, ಮೂರು ಕಡೆ ಜಗಲಿ, ಕೈ ಚಾಚಿದ ಈಸಿ ಚೇರು. ಸಾಹೇಬರ ಸವಾರಿ ಕುದುರೆಯ ಮೇಲೆ ಒಂದು ದಿನಕ್ಕೆ ಎಷ್ಟು ದೂರ ಸಾಗುತ್ತದೋ ಅಷ್ಟಷ್ಟು ದೂರಕ್ಕೆ ಒಂದೊಂದು. ಒಬ್ಬ ಅಡುಗೆಯವ, ಒಬ್ಬ ಮೇಟಿ, ಒಂದು ರಿಜಿಸ್ಟರು. ಸಾಮಾನ್ಯರಿಗೂ ಕೋಣೆ ಸಿಗುತ್ತಿತ್ತು, ಆದರೆ ರಾತ್ರಿ ಹತ್ತಕ್ಕೆ ಯಾರಾದರೂ ಅಧಿಕಾರಿ ಬಂದರೆ ಹಾಸಿಗೆ ಸುತ್ತಿಕೊಂಡು ಜಗಲಿಗೆ ಬರಬೇಕು. ತಾಜ್‌ಗೂ ಟಿಬಿಗೂ ಇರುವ ದೊಡ್ಡ ವ್ಯತ್ಯಾಸ ಅಮೃತಶಿಲೆಯದ್ದಲ್ಲ, ಇದು. ದುಡ್ಡು ಕೊಟ್ಟವನನ್ನು ತಾಜ್ ಎಬ್ಬಿಸುವುದಿಲ್ಲ.

ಹಾಗಂತ ಕಾರವಾರದ ಬಂಗಲೆಗಳಿಗೆ ಭಾಗ್ಯವೇ ಇರಲಿಲ್ಲ ಅಂತಲ್ಲ. 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಟಾಗೋರ್, ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ. ಅವರ ಮನೆಗೆ ತಮ್ಮ ರವೀಂದ್ರನಾಥ ಬಂದು ಉಳಿದರು. ಆಗಿನ್ನೂ ಇಪ್ಪತ್ತು ದಾಟಿದ ಹುಡುಗ. ಇಲ್ಲೇ ಕೂತು ಒಂದು ನಾಟಕ ಬರೆದರು. ಮುಂದೆ ಎಷ್ಟೋ ವರ್ಷಗಳ ಮೇಲೆ ಕಾರವಾರವನ್ನು ನೆನೆದು ಬರೆದಾಗ ಅವರಿಗೆ ಮರೆಯದೆ ಉಳಿದಿದ್ದದ್ದು ಬಂಗಲೆಯಲ್ಲ. ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ಗಾಳಿಮರದ ಸಾಲು, ಮತ್ತೊಂದು ಬೆಳದಿಂಗಳ ರಾತ್ರಿ. ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಬೆಟ್ಟದ ಕೋಟೆಯ ಹತ್ತಿರ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಚೊಕ್ಕಟ ಮಾಡಿದ ಅಂಗಳದಲ್ಲಿ ಕೂತು, ತಾವು ಕಟ್ಟಿಕೊಂಡು ಹೋಗಿದ್ದ ಬುತ್ತಿ ತಿಂದರು.

ಆ ರೈತನ ಮನೆಯವರು ಕುಡಿಯಲು ಏನಾದರೂ ಕೊಟ್ಟರೇ ಅನ್ನುವ ಕುತೂಹಲ ನನಗೆ. ಟಾಗೋರರು ಅದನ್ನು ಬರೆದಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಅಂಗಳಕ್ಕೆ ಬಂದವರಿಗೆ ಬೆಲ್ಲ ನೀರನ್ನೂ ಕೊಡದೆ ಕಳಿಸಿದ ಮನೆಯನ್ನು ನಾನಂತೂ ನೋಡಿಲ್ಲ. ಶಿರಸಿ ಕಡೆ ಹೋದರೆ ಆಸ್ರಿಗೆ, ಅಂದರೆ ಕುಡಿಯಲು, ಎಂತ ಬೇಕು ಅಂತ ಕೇಳಿಯೇ ಮುಂದಿನ ಮಾತು. ಗೋಕರ್ಣದಲ್ಲಿ ಲಾಡ್ಜು ಬರುವ ಮೊದಲು ಯಾತ್ರಿಕರು ಉಳಿಯುತ್ತಿದ್ದದ್ದು ಭಟ್ಟರ ಮನೆಗಳಲ್ಲಿ. ಮಲಗಲು ಜಗಲಿ, ಸ್ನಾನಕ್ಕೆ ಬಾವಿ, ಊಟಕ್ಕೆ ಎಲೆ. ದೊಡ್ಡ ಹೋಟೆಲು ಬರದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ನೆಂಟರಿಲ್ಲದ ಊರೇ ನಮಗೆ ಇರಲಿಲ್ಲ.

ತಾಜ್ ಒಳಗೆ ನಾನು ಹೋದದ್ದು ಆಯಿಯ, ಅಂದರೆ ನನ್ನ ತಾಯಿಯ ಜೊತೆ. ಕಣ್ಣಿನ ತಪಾಸಣೆಗೆ ಅಂತ ಅವಳನ್ನು ಮುಂಬಯಿಗೆ ಕರೆದುಕೊಂಡು ಹೋಗಿದ್ದೆ. ಗೇಟ್‌ವೇ ಎದುರು ನಿಂತಾಗ, ನಿನ್ನ ಅಪ್ಪ ಹೊರಗಿನಿಂದಲೇ ನೋಡಿದ್ದು, ನೀನು ಒಳಗೆ ಹೋಗಿ ಬಾ ಅಂದೆ. ಅವಳು ಬೇಡ ಬೇಡ ಅಂದಳು, ಕಾಲು ಮಾತ್ರ ಆ ಕಡೆಗೇ ನಡೆಯಿತು. ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡಿದರು. ತೆಂಗಿನಕಾಯಿ ಬರ್ಫಿಯ ಡಬ್ಬಿ ಇತ್ತು, ತೆರೆದು ನೋಡಿ, ನಕ್ಕು, ಹಾಗೇ ಬಿಟ್ಟರು.

ಒಳಗೆ ಹೋದರೆ ಆ ಮೆಟ್ಟಿಲು. ನಡುವೆ ಆಸರೆ ಕಂಬವೇ ಇಲ್ಲದ ಹಾಗೆ ಅಂತಸ್ತು ಅಂತಸ್ತಾಗಿ ಮೇಲಕ್ಕೆ ಹೋಗುತ್ತದೆ, ತಲೆ ಎತ್ತಿದರೆ ಗುಮ್ಮಟದ ಒಳಮೈ. ಕೆಳಗೆ ಜಮ್ಶೆಟ್ಜಿಯವರ ಅರ್ಧ ಪ್ರತಿಮೆ. ಮೊದಲ ಮಹಡಿಯಲ್ಲಿ ಸೀ ಲೌಂಜ್. ಕಿಟಕಿಯ ಪಕ್ಕ ಕೂತರೆ ಬಂದರು, ದೋಣಿಗಳು, ಕೆಳಗೆ ಪಾರಿವಾಳಕ್ಕೆ ಕಾಳು ಹಾಕುವವರು. ಮುಂಬಯಿಯ ಎಷ್ಟೋ ಸಿರಿವಂತರ ಮನೆಗಳಲ್ಲಿ ಹುಡುಗ ಹುಡುಗಿ ನೋಡುವ ಶಾಸ್ತ್ರ ನಡೆಯುತ್ತಿದ್ದದ್ದು ಇದೇ ಕಿಟಕಿಗಳ ಪಕ್ಕ ಅಂತ ಹೆಸರು. ಆಯಿಗೆ ಇದನ್ನು ಹೇಳಿದೆ. ಅವಳು ಸುತ್ತಲಿನ ಟೇಬಲ್ಲುಗಳನ್ನು ಒಂದೊಂದಾಗಿ ನೋಡಿ, ಯಾವುದು ಆ ಥರದ್ದು ಅಂತ ಪತ್ತೆ ಹಚ್ಚಲು ಕೂತಳು.

ಚಾ ಬಂತು. ಬಿಲ್ಲೂ ಬಂತು.

"ತಮಾ, ಇದ್ರಲ್ಲಿ ನಮ್ಮ ಊರಲ್ಲಿ ಒಂದು ಶ್ರಾದ್ಧದ ಊಟ ಆಗ್ತಿತ್ತು" ಅಂದಳು.

ಬಡಿಸಿದ ವ್ಯಕ್ತಿಗೆ ಐವತ್ತರ ಮೇಲೆ ವಯಸ್ಸು. ಆಯಿ ಲೋಟ ಎರಡೂ ಕೈಯಲ್ಲಿ ಹಿಡಿದದ್ದನ್ನು ನೋಡಿ, ಕೇಳದೆಯೇ ಬಿಸಿನೀರು ತಂದಿಟ್ಟರು. ಅವಳಿಗೆ ಇಡೀ ಕಟ್ಟಡದಲ್ಲಿ ಹಿಡಿಸಿದ್ದು ಇದೊಂದೇ. ಆಮೇಲೆ ತಿಂಗಳುಗಟ್ಟಲೆ ನೆರೆಮನೆಯವರಿಗೆ ಗುಮ್ಮಟದ ಬಗ್ಗೆ ಹೇಳಲಿಲ್ಲ, ಬಿಸಿನೀರಿನ ಬಗ್ಗೆ ಹೇಳಿದಳು.

ಆ ದಿನ ಲಾಬಿಯಲ್ಲಿ ಒಂದು ಸ್ಮಾರಕದ ಎದುರು ನಿಂತೆವು. 31 ಹೆಸರುಗಳು. 2008ರ ನವೆಂಬರ್ 26ರ ರಾತ್ರಿ ಶುರುವಾದ ದಾಳಿ ಇಲ್ಲಿ ಮುಗಿದದ್ದು 29ರ ಬೆಳಗ್ಗೆ. ಗುಮ್ಮಟದ ಪಕ್ಕದಿಂದ ಹೊಗೆ ಏಳುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಹಿಂಬಾಗಿಲು, ಅಡುಗೆಮನೆಯ ದಾರಿ ಎಲ್ಲ ಗೊತ್ತಿದ್ದ ನೌಕರರು ಮೊದಲು ಓಡಿಹೋಗಬಹುದಿತ್ತು. ಬಹಳ ಮಂದಿ ಹೋಗಲಿಲ್ಲ. ಅತಿಥಿಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಅಡುಗೆಮನೆಯ ದಾರಿಯಲ್ಲಿ ಹೊರಗೆ ಕಳಿಸಿದರು. ಹಾಗೆ ನಿಂತವರಲ್ಲಿ ಕೆಲವು ಅಡುಗೆಯವರು ಗುಂಡಿಗೆ ಬಲಿಯಾದರು. ಹೋಟೆಲಿನ ಜನರಲ್ ಮ್ಯಾನೇಜರ್ ಆಗಿದ್ದ ಕರಂಬೀರ್ ಕಾಂಗ್ ಅವರ ಹೆಂಡತಿ, ಇಬ್ಬರು ಮಕ್ಕಳು ಆರನೇ ಮಹಡಿಯಲ್ಲಿ ತೀರಿಕೊಂಡರು. ಅವರು ಕೆಳಗೆ ಬೇರೆಯವರನ್ನು ಹೊರಗೆ ಕಳಿಸುತ್ತಲೇ ಇದ್ದರು. ಇದರ ಬಗ್ಗೆ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಪಾಠದಿಂದ ಇದು ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಕೇಳದೆ ಬಿಸಿನೀರು ತಂದಿಡುವ ಅಭ್ಯಾಸವೇ ಅವತ್ತು ರಾತ್ರಿ ಬೇರೆ ರೂಪದಲ್ಲಿ ಬಂತೋ ಏನೋ.

ಟವರಿನ ಭಾಗ ಅದೇ ಡಿಸೆಂಬರ್ 21ಕ್ಕೆ ತೆರೆಯಿತು. ಒಂದು ತಿಂಗಳೂ ಆಗಿರಲಿಲ್ಲ. ಹಳೆಯ ಕಟ್ಟಡದ ದುರಸ್ತಿಗೆ ಹೆಚ್ಚು ಕಾಲ ಹಿಡಿಯಿತು, 2010ರ ಆಗಸ್ಟ್ 15ಕ್ಕೆ ತೆರೆದರು. 2017ರಲ್ಲಿ ಆ ಕಟ್ಟಡದ ಆಕಾರಕ್ಕೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಭಾರತದಲ್ಲಿ ಕಟ್ಟಡವೊಂದಕ್ಕೆ ಅಂಥದ್ದು ಸಿಕ್ಕಿದ್ದು ಅದೇ ಮೊದಲು. ಇದು ಮಾತ್ರ ನನಗೆ ಸ್ವಲ್ಪ ಅತಿಯಾಯಿತು ಅನ್ನಿಸಿತು. ಆಗಬೋಟಿನ ಡೆಕ್ಕಿನಿಂದ ನೋಡಿದವರಿಗೆಲ್ಲ ಅದು ಆಗಲೇ ಸೇರಿಹೋಗಿತ್ತಲ್ಲ.

ಈಗ ನಮ್ಮ ಕಡೆ ಹೋಟೆಲಿಗೇನೂ ಬರ ಇಲ್ಲ. ಹೆದ್ದಾರಿ ಚತುಷ್ಪಥವಾಯಿತು. ದಾರಿಗೆ ಅಡ್ಡ ಬಂದ ಹೆಂಚಿನ ಮನೆಗಳು, ಆಲದ ಮರಗಳು ಹೋದವು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಮಧ್ಯರಾತ್ರಿ ಕುಸಿದುಬಿತ್ತು. ಅದಕ್ಕೆ ಆಗ ಹೆಚ್ಚುಕಡಿಮೆ ನಲವತ್ತು ವರ್ಷ ಅಷ್ಟೇ. ಗೋಕರ್ಣ, ಮುರ್ಡೇಶ್ವರದ ಕಡೆ ಗಾಜಿನ ಮುಖದ ರೆಸಾರ್ಟುಗಳು ಎದ್ದಿವೆ. ನಮ್ಮ ಮಳೆಗೆ, ನಮ್ಮ ಉಪ್ಪುಗಾಳಿಗೆ ಆ ಗಾಜು ಎಷ್ಟು ವರ್ಷ ತಡೆಯುತ್ತದೋ ನೋಡಬೇಕು. ಚಿರೇಕಲ್ಲು ತಡೆಯುವುದು ಗೊತ್ತಿದೆ.

ನನಗೆ ಆಸೆ ಇರುವುದು ಹೋಮ್‌ಸ್ಟೇಗಳ ಮೇಲೆ. ಎಲ್ಲದರ ಮೇಲೂ ಅಲ್ಲ. ಹಳೆಯ ಮನೆಯ ಹೆಸರಿನ ಬೋರ್ಡು ಹಾಕಿ, ಹಿಂದೆ ಸಾಲಾಗಿ ಆರು ಆರ್‌ಸಿಸಿ ಕೋಣೆ ಕಟ್ಟಿದವು ಬೇಕಾದಷ್ಟಿವೆ. ಮನೆಯವರು ಅಲ್ಲೇ ಇದ್ದು, ತಾವು ಉಣ್ಣುವುದನ್ನೇ ಬಡಿಸಿ, ಬಂದವರ ದುಡ್ಡಿನಲ್ಲಿ ಆ ವರ್ಷದ ಸೋರುವ ಜಾಗ ಸರಿ ಮಾಡಿಸುವಂಥವು ಕೆಲವಾದರೂ ಇವೆ. ಶಿರಸಿ, ಸಿದ್ದಾಪುರದ ಕಡೆ ತೋಟದ ಮನೆಗಳು ಹೀಗೆ ಉಳಿಯುತ್ತಿವೆ. ಮಕ್ಕಳೆಲ್ಲ ಬೆಂಗಳೂರಿಗೆ ಹೋದ ಮೇಲೆ ಬೀಗ ಬಿದ್ದು, ಎರಡು ಮಳೆಗಾಲಕ್ಕೆ ಗೆದ್ದಲು ಹಿಡಿಯಬೇಕಾದ ಮನೆಗಳು.

ಅಂಕೋಲೆಯ ಹತ್ತಿರ ಆಯಿಯ ತವರಿನ ಮನೆಯೂ ಈಗ ಆ ದಾರಿ ಹಿಡಿದಿದೆ. ನೋಡಿಕೊಳ್ಳುವವನು ಅವಳ ಅಣ್ಣನ ಮಗ. ಕಮೋಡು ಹಾಕಿಸಿದ, ವೈಫೈ ತಂದ, ಜಗಲಿಗೆ ಹಳೆಯ ಈಸಿ ಚೇರನ್ನು ಹೊಸ ಬೆತ್ತ ಹೆಣೆಸಿ ಇಟ್ಟ. ಕಳೆದ ಮಳೆಗಾಲದಲ್ಲಿ ಉಳಿದ ಯಾರೋ ರಾತ್ರಿ ಮುಖದ ಮೇಲೆ ನೀರು ಬಿತ್ತು ಅಂತ ಗೂಗಲ್‌ನಲ್ಲಿ ಒಂದೇ ಸ್ಟಾರು ಕೊಟ್ಟು ಹೋದರಂತೆ. ಅವನಿಗೆ ತಲೆಬಿಸಿ. ಹೆಂಚನ್ನೆಲ್ಲ ಇಳಿಸಿ ಶೀಟು ಹಾಕಿಸಿಬಿಡುತ್ತೇನೆ ಅಂದ.

ಆಯಿ ಬಿಡಲಿಲ್ಲ. ಕೆಳಗಿನಿಂದಲೇ ಮಾಡಿನ ಒಂದೊಂದು ಮೂಲೆಯನ್ನೂ ಕೈ ಮಾಡಿ ತೋರಿಸುತ್ತ, ಯಾವ ಪಕಾಸಿ ಅಪ್ಪನ ಕಾಲದ್ದು, ಯಾವುದು ಆಮೇಲೆ ಹಾಕಿದ್ದು ಅಂತೆಲ್ಲ ಹೇಳಿದಳು. ಶೀಟಿನ ಕೆಳಗೆ ಬೇಸಿಗೆಯಲ್ಲಿ ನಿನ್ನ ಗಿರಾಕಿ ಬೆಂದೇ ಹೋಗ್ತಾರೆ, ಆಗ ಅರ್ಧ ಸ್ಟಾರೂ ಕೊಡೂದಿಲ್ಲ ಅಂದಳು. ಅವನು ದುಡ್ಡಿನ ಲೆಕ್ಕ ಮುಂದಿಟ್ಟ. ರೀಪಿಗೆ ಇಷ್ಟು, ಹೆಂಚಿಗೆ ಇಷ್ಟು, ಆಳಿನ ಕೂಲಿ ಇಷ್ಟು, ಅದೂ ಮೇಲೆ ಹತ್ತುವವರು ಈಗ ಸಿಗುವುದೇ ಇಲ್ಲ. ಸಂಜೆಯವರೆಗೂ ಮಾತು ನಡೆಯಿತು. ಕೊನೆಗೆ ಒಪ್ಪಂದವಾಯಿತು. ಈ ವರ್ಷ ಅತಿಥಿಗಳು ಮಲಗುವ ಪಡುವಣ ಕಡೆಯ ಮಾಡಿಗಷ್ಟೇ ಹೊಸ ರೀಪು, ಒಳ್ಳೆಯ ಹೆಂಚು. ಅಡುಗೆಮನೆಯ ಕಡೆಯದು ಮುಂದಿನ ವರ್ಷ, ಬುಕಿಂಗು ಹೇಗಾಗುತ್ತದೆ ನೋಡಿಕೊಂಡು. ಅಲ್ಲಿಯವರೆಗೆ ಸೋರುವ ಜಾಗಕ್ಕೆ ಬಾಲ್ದಿ ಇಡುವುದು.